ಕೇಜ್ ಇಲ್ಲದ ಬೋರ್ಡಿಂಗ್ ನಾಯಿಗೆ ನಿಜವಾಗ್ಲೂ ಒಳ್ಳೇದಾ? ತುಮಕೂರಲ್ಲಿ ಜಾಗ ನೋಡ್ತಿದ್ದೀವಿ

ಕಲ್ಪತರು_ಲ್ಯಾಬ್

ದಸರಾ ರಜೆಗೆ ಒಂಬತ್ತು ದಿನ ಎಲ್ಲರೂ ಊರು ಬಿಡ್ತಿದ್ದೀವಿ. ಮನೇಲಿ ಎರಡು ನಾಯಿ ಇವೆ. ಒಂದು ಲ್ಯಾಬ್, ಗಂಡು, 3 ವರ್ಷ, 34 ಕೆಜಿ. ಇನ್ನೊಂದು ಇಂಡಿ (ನಮ್ಮ ನಾಟಿ ನಾಯಿ), ಹೆಣ್ಣು, 5 ವರ್ಷ, 16 ಕೆಜಿ. ಎರಡಕ್ಕೂ ಸಂತಾನಹರಣ ಆಪರೇಷನ್ ಆಗಿದೆ, ಒಟ್ಟಿಗೇ ಬೆಳೆದಿವೆ.

ಎರಡು ಜಾಗ ನೋಡಿದೀವಿ. ಒಂದು ತುಮಕೂರು ಊರೊಳಗೇ ಇದೆ. 4 ಅಡಿಗೆ 4 ಅಡಿ ಕಬ್ಬಿಣದ ಕೇಜ್‌ಗಳು ಸಾಲಾಗಿ ಇವೆ, ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ಹೊರಗೆ ಬಿಡ್ತಾರಂತೆ. ಇನ್ನೊಂದು ಶಿರಾ ರಸ್ತೆ ಕಡೆ ಒಂದೂವರೆ ಎಕರೆ ತೋಟ. ‘ಪೂರ್ತಿ ಕೇಜ್ ಫ್ರೀ, ನಾಯಿಗಳು ದಿನವಿಡೀ ಆಡ್ತಾವೆ’ ಅಂತಾರೆ. ರೇಟು ಹೆಚ್ಚುಕಮ್ಮಿ ಒಂದೂವರೆ ಪಟ್ಟು.

ಆ ಹೆಚ್ಚಿನ ದುಡ್ಡಿಗೆ ನಾಯಿಗೆ ಏನು ಸಿಗುತ್ತೆ? ಅಪಾಯ ಏನು? ಹೋಗಿ ನೋಡಿದಾಗ ಏನು ಕೇಳಬೇಕು? ಲ್ಯಾಬ್‌ಗೆ ಆಮೇಲೆ ಡೇಕೇರ್ ಕೂಡ ಬೇಕಾಗಬಹುದು, ಮನೇಲಿ ಬೆಳಿಗ್ಗೆ 9ರಿಂದ ಸಂಜೆ 6ರ ತನಕ ಯಾರೂ ಇರಲ್ಲ. ವಿಷಯ ಗೊತ್ತಿರೋರು ಹೇಳಿ.

ಬೆಟ್ಟದ_ಬುಡ

ಚಿಕ್ಕಬಳ್ಳಾಪುರ ಕಡೆ ಇದೇ ಕೆಲಸದಲ್ಲಿ ಇರೋದ್ರಿಂದ ಸ್ವಲ್ಪ ಉದ್ದ ಬರೀತೀನಿ.

‘ದಿನವಿಡೀ ಆಡ್ತಾವೆ’ ಅಂತ ಹೇಳಿದ್ರಲ್ಲ, ಅಲ್ಲೇ ನಿಲ್ಲಿಸಿ ಪ್ರಶ್ನೆ ಕೇಳಿ. ದೊಡ್ಡ ನಾಯಿ ದಿನಕ್ಕೆ 12ರಿಂದ 14 ಗಂಟೆ ಮಲಗುತ್ತೆ. ಸುತ್ತ ಇಪ್ಪತ್ತು ನಾಯಿ ಓಡಾಡ್ತಿದ್ರೆ ಅದು ತಾನಾಗೇ ಮಲಗಲ್ಲ. ಸುಸ್ತಾದಷ್ಟೂ ಸಿಡುಕಾಗುತ್ತೆ, ಕಚ್ಚಾಟ ಆಗೋದು ಬೆಳಗ್ಗಿನ ಲವಲವಿಕೇಲಿ ಅಲ್ಲ, ಸಂಜೆ 5ರ ಸುಸ್ತಲ್ಲಿ. ಅದಕ್ಕೇ ಒಳ್ಳೆ ಕೇಜ್ ಫ್ರೀ ಜಾಗದಲ್ಲಿ ಕೇಜ್ ಇರಲ್ಲ, ಕೋಣೆಗಳು ಮಾತ್ರ ಇದ್ದೇ ಇರ್ತಾವೆ. 6 ಅಡಿಗೆ 8 ಅಡಿ ಇದ್ರೂ ಸಾಕು, ಒಂದು ನಾಯಿ ಅಥವಾ ಒಂದೇ ಮನೆಯ ಎರಡು ನಾಯಿ, ಅರ್ಧ ಬಾಗಿಲು, ಪಕ್ಕದ ಕೋಣೆಯ ನಾಯಿ ಕಾಣದ ಹಾಗೆ 4 ಅಡಿ ಗೋಡೆ. ಊಟ, ನಿದ್ದೆ ಅಲ್ಲಿ. ಉಳಿದ ಹೊತ್ತು ಅಂಗಳದಲ್ಲಿ.

ಲಾಭ ಏನು ಅಂದ್ರೆ, ಮೊದಲನೇದು ಮೂತ್ರ. ಮನೇಲಿ ಸಾಕಿದ ನಾಯಿ ಮಲಗೋ ಜಾಗ ಗಲೀಜು ಮಾಡಲ್ಲ. 4 ಅಡಿ ಕೇಜ್‌ನಲ್ಲಿ ದಿನಕ್ಕೆ ಎರಡೇ ಸಲ ಬಿಟ್ರೆ ಹತ್ತು ಹನ್ನೆರಡು ಗಂಟೆ ಹಿಡ್ಕೊಂಡಿರುತ್ತೆ. ತಡೀಲಾರದೆ ಒಳಗೇ ಮಾಡ್ಕೊಂಡ್ರೆ ಅದರ ಮೇಲೇ ನಿಂತಿರುತ್ತೆ. ಊರಿಗೆ ವಾಪಸ್ ಬಂದ ಮೇಲೆ ಮನೆಯೊಳಗೇ ಮಾಡೋ ಅಭ್ಯಾಸ ಎಷ್ಟೋ ನಾಯಿಗೆ ಅಂಟೋದು ಇಲ್ಲಿಂದಲೇ. ಎರಡನೇದು ಸದ್ದು. ಸಾಲು ಕೇಜ್‌ನಲ್ಲಿ ಒಂದು ಬೊಗಳಿದ್ರೆ ಎಲ್ಲವೂ ಬೊಗಳ್ತಾವೆ. ಶೀಟ್ ಚಾವಣಿ, ಸಿಮೆಂಟ್ ಗೋಡೆ ಇರೋ ಕಡೆ ಅದು 100 ಡೆಸಿಬಲ್ ದಾಟೋದು ಅಪರೂಪ ಏನಲ್ಲ. ಸರಳಿನ ಆಚೆ ಇನ್ನೊಂದು ನಾಯಿ ಕಾಣುತ್ತೆ, ಮೂಸೋಕೆ ಆಗಲ್ಲ, ದೂರ ಹೋಗೋಕೂ ಆಗಲ್ಲ. ಆ ಸಿಟ್ಟನ್ನು ಸರಳು ಕಚ್ಚಿ ತೀರಿಸ್ಕೊಳ್ಳುತ್ತೆ. ಕೋರೆಹಲ್ಲಿನ ಹಿಂಬದಿ ಸವೆದಿರೋದು, ಉಗುರು ಕಿತ್ತು ರಕ್ತ ಬಂದಿರೋದು ಕೇಜ್ ಬೋರ್ಡಿಂಗ್‌ನ ಮಾಮೂಲಿ ಗುರುತು. ಮೂರನೇದು ಕೀಲು: ವಯಸ್ಸಾದ ನಾಯಿ, ಸೊಂಟದ ತೊಂದರೆ ಇರೋ ಲ್ಯಾಬ್, ಜರ್ಮನ್ ಶೆಫರ್ಡ್‌ಗಳು ಒಂಬತ್ತು ದಿನ ನಡೆದಾಡದೆ ಕೂತ್ರೆ ಏಳೋಕೇ ಕಷ್ಟಪಡ್ತಾವೆ.

ಅಪಾಯ ಎಲ್ಲಿದೆ ಅಂದ್ರೆ ನೋಡ್ಕೊಳ್ಳೋ ಜನದ ಲೆಕ್ಕದಲ್ಲಿ. ಒಂದೂವರೆ ಎಕರೇಲಿ ಮೂವತ್ತು ನಾಯಿ, ಒಬ್ಬ ಹುಡುಗ ಅಂದ್ರೆ ಅದು ಕೇಜ್‌ಗಿಂತ ಕೆಟ್ಟದು. ಅಂಗಳದಲ್ಲಿ 10 ನಾಯಿಗೆ ಒಬ್ಬರು, ತುಂಬ ಶಾಂತವಾದ ಗುಂಪಾದ್ರೆ ಹೆಚ್ಚೆಂದ್ರೆ 15ಕ್ಕೆ ಒಬ್ಬರು. ಅಡುಗೆ, ಕ್ಲೀನಿಂಗ್, ಫೋನ್ ನೋಡ್ಕೊಳ್ಳೋರು ಈ ಲೆಕ್ಕದಲ್ಲಿ ಬರಲ್ಲ. ರಾತ್ರಿ ಒಬ್ಬರು ನಾಯಿಗಳ ಕಟ್ಟಡದಲ್ಲೇ ಮಲಗಬೇಕು. ‘ಪಕ್ಕದ ಮನೇಲೇ ಇರ್ತೀವಿ ಸಾರ್’ ಅಂದ್ರೆ ರಾತ್ರಿ 2 ಗಂಟೆಗೆ ಹೊಟ್ಟೆ ಉಬ್ಬರಿಸಿಕೊಂಡು ಒದ್ದಾಡೋ ನಾಯಿ ಯಾರಿಗೂ ಕೇಳಿಸಲ್ಲ ಅಂತ ಅರ್ಥ. ನೀವು ಹೆಚ್ಚು ಕೊಡೋ ದುಡ್ಡು ಹೋಗಬೇಕಾದ್ದು ಈ ಜನಕ್ಕೇ. ಹುಲ್ಲುಹಾಸು, ಈಜುಕೊಳ ತೋರಿಸಿ ರೇಟು ಹೇಳಿದ್ರೆ ನಂಬಬೇಡಿ.

ಜಾಗ ನೋಡುವಾಗ ಗೇಟಿಂದ ಶುರು ಮಾಡಿ. ಗೇಟು ಎರಡು ಇರಬೇಕು, ನಡುವೆ 5–6 ಅಡಿ ಜಾಗ. ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗೀಬೇಕು. ನಾಯಿ ತಪ್ಪಿಸಿಕೊಳ್ಳೋದು ಬೇಲಿ ಹಾರಿ ಅಲ್ಲ, ಹಾಲಿನವನೋ ಗ್ರಾಹಕರೋ ಗೇಟು ತೆಗೆದಾಗ ಕಾಲ ಸಂದಿಯಿಂದ. ಚೈನ್‌ಲಿಂಕ್ ಬೇಲಿ 6 ಅಡಿ ಇರಲಿ, ಕೆಳಗೆ ಜಾಲರಿ ಒಂದೂವರೆ ಅಡಿ ಒಳಗೆ ಹೂತಿರಲಿ ಅಥವಾ ನೆಲದ ಮೇಲೆ ಒಳಮುಖವಾಗಿ ಮಡಚಿ ಕಲ್ಲು ಹೇರಿರಲಿ. ನಮ್ಮ ಕಡೆ ಕಲ್ಲುಕಂಬಕ್ಕೆ ಮುಳ್ಳುತಂತಿ ಕಟ್ಟೋದು ವಾಡಿಕೆ. ನಾಯಿ ಅಂಗಳಕ್ಕೆ ಅದು ಬೇಡವೇ ಬೇಡ, ನುಗ್ಗಿ ಚರ್ಮ ಹರ್ಕೊಳ್ತಾವೆ. ಅಂಗಳ ಕನಿಷ್ಠ ಮೂರು ಭಾಗ ಆಗಿರಬೇಕು: ದೊಡ್ಡವು, ಚಿಕ್ಕವು, ಮತ್ತೆ ಹೊಸದಾಗಿ ಬಂದ ಅಥವಾ ಒಂಟಿಯಾಗಿ ಬಿಡಬೇಕಾದ ನಾಯಿಗೆ ಒಂದು. ಆಟದ ಹೊತ್ತಲ್ಲಿ ದೊಡ್ಡ ನಾಯಿಗೆ ತಲಾ 100 ಚದರ ಅಡಿ ಅಂತ ಅಂದಾಜು ಹಾಕಿ.

ನೆಲ. ವಿಟ್ರಿಫೈಡ್ ಟೈಲ್ಸ್ ಕಂಡ್ರೆ ಯೋಚನೆ ಮಾಡಿ, ಒದ್ದೆಯಾದ್ರೆ ಲ್ಯಾಬ್ ಹಿಂಗಾಲು ಜಾರಿ ಮಂಡಿಯ ಲಿಗಮೆಂಟ್ ಹರ್ಕೊಳ್ಳುತ್ತೆ. ಒರಟು ಚಪ್ಪಡಿ ಕಲ್ಲು ಒಳ್ಳೇದು, ಆದ್ರೆ ಬೇಸಿಗೇಲಿ ಮಧ್ಯಾಹ್ನ ಅದರ ಮೇಲೆ ಅಂಗೈಯ ಹಿಂಭಾಗ ಇಟ್ಟು ನೋಡಿ. 7 ಸೆಕೆಂಡ್ ಇಡೋಕೆ ಆಗ್ಲಿಲ್ಲ ಅಂದ್ರೆ ಪಾದವೂ ಸುಡುತ್ತೆ. ಹೊಂಗೆ, ಬೇವಿನ ನೆರಳಿರೋ ಮಣ್ಣಿನ ಅಂಗಳ ಇದ್ರೆ ಅದಕ್ಕಿಂತ ಇನ್ನೇನು ಬೇಕು.

ಕೊನೇಗೆ ಒಂದು ಎಚ್ಚರಿಕೆ. ಕೆಲವು ಕಡೆ ‘ಕೇಜ್ ಇಲ್ಲ’ ಅನ್ನೋದು ನಿಜವೇ, ಯಾಕಂದ್ರೆ ತೆಂಗಿನ ಮರಕ್ಕೆ ಸರಪಳಿ ಹಾಕಿ ಕಟ್ಟಿರ್ತಾರೆ. ನೀವು ಫೋನ್ ಮಾಡಿ ಬರ್ತೀವಿ ಅಂದಾಗ ಬಿಚ್ತಾರೆ. ಮರದ ಬುಡದಲ್ಲಿ ವೃತ್ತಾಕಾರವಾಗಿ ಮಣ್ಣು ಸವೆದು ಗಟ್ಟಿಯಾಗಿದ್ರೆ, ತೊಗಟೆ ಮೇಲೆ ಉಜ್ಜಿದ ಗುರುತಿದ್ರೆ ಅದೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಮೈ ಆಡಿಸೋಕೆ ಜಾಗ ಇಲ್ಲದ ಕೇಜೂ ಅಪರಾಧ, ಗಿಡ್ಡ ಸರಪಳೀಲಿ ಹೊತ್ತುಗಟ್ಟಲೆ ಕಟ್ಟಿಹಾಕೋದೂ ಅಪರಾಧ. ಎರಡೂ ಒಂದೇ.

ಚಿನ್ನದನಾಡು_ವೆಟ್

ಕೋಲಾರ ಜಿಲ್ಲೆಯಲ್ಲಿ ಪಶುವೈದ್ಯ. ರೋಗದ ಭಾಗ ನಾನು ಹೇಳುತ್ತೇನೆ, ಏಕೆಂದರೆ ಕೇಜ್ ಇಲ್ಲದ ಕಡೆ ಇದೇ ಮೊದಲ ಪ್ರಶ್ನೆ ಆಗಬೇಕು. ನಾಯಿಗಳು ಒಂದೇ ತೊಟ್ಟಿಯ ನೀರು ಕುಡಿಯುತ್ತವೆ, ಒಂದರ ಮೂತಿ ಇನ್ನೊಂದು ನೆಕ್ಕುತ್ತದೆ. ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರುತ್ತದೆ.

ಒಳಗೆ ಬಿಡುವ ಮುಂಚೆ ಅವರು ನಿಮ್ಮ ಲಸಿಕೆ ಪುಸ್ತಕ ಕೇಳಲೇಬೇಕು. ಕೇಳದಿದ್ದರೆ ಬೇರೆಯವರದನ್ನೂ ಕೇಳಿಲ್ಲ ಎಂದು ಅರ್ಥ, ಅಲ್ಲಿಂದಲೇ ವಾಪಸ್ ಬನ್ನಿ. ಬೇಕಾದದ್ದು ರೇಬೀಸ್ ಲಸಿಕೆ; ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್, ಲೆಪ್ಟೊ (ಇಲಿಜ್ವರ) ಸೇರಿರುವ ಕಂಬೈನ್ಡ್ ಲಸಿಕೆ, ಅಂಗಡಿ ಭಾಷೆಯಲ್ಲಿ ಸೆವೆನ್ ಇನ್ ಒನ್ ಅಥವಾ ನೈನ್ ಇನ್ ಒನ್; ಮತ್ತು ಕೆನಲ್ ಕಫ್, ಅಂದರೆ ನಾಯಿಗಳ ಅಂಟು ಕೆಮ್ಮಿನ ಲಸಿಕೆ. ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಮನೆಯಲ್ಲೇ ಇರುವ ನಾಯಿಗೆ ಅದು ಅಷ್ಟು ಮುಖ್ಯವಲ್ಲ, ಗುಂಪಿಗೆ ಹೋಗುವ ನಾಯಿಗೆ ಬೇಕೇ ಬೇಕು. ಮೂಗಿಗೆ ಬಿಡುವ ಲಸಿಕೆ ಸಿಕ್ಕರೆ ಅದು ಬೇಗ ಕೆಲಸ ಮಾಡುತ್ತದೆ. ಬಾಕಿ ಇರುವುದನ್ನೆಲ್ಲ ಹೊರಡುವ ಎರಡು ವಾರ ಮುಂಚೆ ಹಾಕಿಸಿ ಮುಗಿಸಿ. ಹಿಂದಿನ ದಿನ ಚುಚ್ಚಿಸಿದರೆ ಪುಸ್ತಕದಲ್ಲಿ ಸೀಲು ಬೀಳುತ್ತದೆ, ಮೈಯಲ್ಲಿ ರೋಗನಿರೋಧಕ ಶಕ್ತಿ ಇನ್ನೂ ಬಂದಿರುವುದಿಲ್ಲ. 16 ವಾರ ತುಂಬದ, ಕೋರ್ಸ್ ಮುಗಿಯದ ಮರಿಯನ್ನು ಇಂಥ ಕಡೆ ಬಿಡಲೇಬಾರದು. ಮರಿ ತೆಗೆದುಕೊಳ್ಳುತ್ತೇವೆ ಎನ್ನುವ ಜಾಗದಲ್ಲಿ ದೊಡ್ಡ ನಾಯಿ ಬಿಡುವುದಕ್ಕೂ ನಾನು ಹಿಂಜರಿಯುತ್ತೇನೆ.

ದಸರಾ ಹೊತ್ತಿಗೆ ನಮ್ಮ ಮೂರೂ ಜಿಲ್ಲೆಯಲ್ಲಿ ಮಳೆ ಜೋರು. ನಿಂತ ನೀರು, ಇಲಿ, ಎರಡೂ ಸೇರಿದರೆ ಲೆಪ್ಟೊ. ಇಲಿಯ ಮೂತ್ರದಿಂದ ನಾಯಿಗೆ, ನಾಯಿಯ ಮೂತ್ರದಿಂದ ಮನುಷ್ಯರಿಗೂ ಬರುತ್ತದೆ. ಆಹಾರದ ಮೂಟೆಗಳನ್ನು ಅವರು ಎಲ್ಲಿಟ್ಟಿದ್ದಾರೆ ನೋಡಿ. ಮುಚ್ಚಳವಿರುವ ಡ್ರಮ್ಮಿನಲ್ಲಿದ್ದರೆ ಸರಿ, ನೆಲದ ಮೇಲೆ ಬಾಯಿ ತೆರೆದ ಚೀಲವಿದ್ದರೆ ಇಲಿ ಇದೆ.

ಇನ್ನು ಉಣ್ಣೆ. ಟಿಕ್ ಫೀವರ್ ಎಂದು ಬರುವ ಎರ್ಲಿಕಿಯಾ, ಬೆಬೀಸಿಯಾ ಎರಡನ್ನೂ ಹರಡುವುದು ಕಂದು ಬಣ್ಣದ ನಾಯಿ ಉಣ್ಣೆ. ಇದು ಹುಲ್ಲಿಗಿಂತ ಗೋಡೆಯನ್ನು ಇಷ್ಟಪಡುವ ಜೀವಿ. ರಕ್ತ ಕುಡಿದ ಹೆಣ್ಣು ಉಣ್ಣೆ ಮೈಯಿಂದ ಉದುರಿ, ಗೋಡೆ ಹತ್ತಿ, ಕಲ್ಲಿನ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಹಾಗಾಗಿ ತೋಟ ನೋಡಿ ಮರುಳಾಗಬೇಡಿ, ನಾಯಿ ಮಲಗುವ ಕೋಣೆಗೆ ಹೋಗಿ ಮೊಬೈಲ್ ಟಾರ್ಚ್ ಬಿಟ್ಟು ಗೋಡೆ ಮೂಲೆ, ಸೂರಿನ ಕೆಳಗೆ ನೋಡಿ. ಗಾರೆ ಬಿರುಕು ತುಂಬಿ ನುಣ್ಣಗೆ ಬಣ್ಣ ಬಳಿದಿದ್ದರೆ ಅವರಿಗೆ ವಿಷಯ ಗೊತ್ತಿದೆ.

ನಿಮ್ಮ ಕಡೆಯಿಂದ: ಬಿಡುವ ಕನಿಷ್ಠ ಎರಡು ದಿನ ಮುಂಚೆ ಉಣ್ಣೆ ಮಾತ್ರೆ ಕೊಡಿ. ಅಫೊಕ್ಸೊಲನರ್ ಇರುವುದು ಒಂದು ತಿಂಗಳು, ಫ್ಲುರಲನರ್ ಇರುವುದು ಸುಮಾರು ಮೂರು ತಿಂಗಳು ಕೆಲಸ ಮಾಡುತ್ತದೆ. ತೂಕಕ್ಕೆ ತಕ್ಕ ಪ್ಯಾಕ್ ಬೇರೆ ಬೇರೆ, 34 ಕೆಜಿಯ ಮಾತ್ರೆ ಮುರಿದು 16 ಕೆಜಿಯ ನಾಯಿಗೆ ಕೊಡುವ ಲೆಕ್ಕಾಚಾರ ಬೇಡ. ಫಿಟ್ಸ್ ಬರುವ ನಾಯಿಯಾದರೆ ಈ ಗುಂಪಿನ ಮಾತ್ರೆ ಕೊಡುವ ಮೊದಲು ನಿಮ್ಮ ವೈದ್ಯರನ್ನು ಕೇಳಿ.

ಸ್ವಚ್ಛತೆಗೆ ಏನು ಬಳಸುತ್ತೀರಿ ಎಂದು ಕೇಳಿದಾಗ ‘ಫಿನೈಲ್’ ಎಂದರೆ ಉತ್ತರ ಸಾಲದು. ಫಿನೈಲ್ ವಾಸನೆ ಮುಚ್ಚುತ್ತದೆ, ಪಾರ್ವೊ ವೈರಸ್ಸನ್ನು ಕೊಲ್ಲುವುದಿಲ್ಲ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಅದಕ್ಕೆ ಬೇಕಾದದ್ದು ಕ್ಲೋರಿನ್: 5 ಪರ್ಸೆಂಟ್ ಸೋಡಿಯಂ ಹೈಪೊಕ್ಲೋರೈಟ್ ಆದರೆ 10 ಲೀಟರ್ ಬಕೆಟ್ಟಿಗೆ 330 ಮಿಲಿ, ತಾಜಾ ಬ್ಲೀಚಿಂಗ್ ಪೌಡರ್ ಆದರೆ ಸುಮಾರು 60 ಗ್ರಾಂ. ಮೊದಲು ಮಲಮೂತ್ರ ತೆಗೆದು ಸೋಪು ನೀರಿನಲ್ಲಿ ಉಜ್ಜಿ ತೊಳೆಯಬೇಕು. ಕೊಳೆಯ ಮೇಲೆ ಸುರಿದ ಕ್ಲೋರಿನ್ ಕೊಳೆಯಲ್ಲೇ ಖರ್ಚಾಗಿಹೋಗುತ್ತದೆ, ಮೂತ್ರದ ಅಮೋನಿಯ ಸೇರಿದರೆ ಕಣ್ಣು ಮೂಗು ಉರಿಸುವ ಗಾಳಿಯೂ ಏಳುತ್ತದೆ. ಹಾಕಿದ ಮೇಲೆ 10 ನಿಮಿಷ ಒದ್ದೆಯಾಗಿಯೇ ಇರಬೇಕು, ಆಮೇಲೆ ನೀರು ಹೊಯ್ದು ಒಣಗಿಸಿ ನಾಯಿ ಬಿಡಬೇಕು. ಟಾಯ್ಲೆಟ್ ಆಸಿಡ್ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕೆಲಸದವರ ಜೀವಕ್ಕೇ ಸಂಚಕಾರ. ಪುಡಿಯ ಚೀಲ ಬಾಯಿ ಬಿಚ್ಚಿ ತಿಂಗಳುಗಟ್ಟಲೆ ಇಟ್ಟಿದ್ದರೆ ಶಕ್ತಿ ಹೋಗಿರುತ್ತದೆ. ಮಣ್ಣಿನ ಅಂಗಳಕ್ಕೆ ಇದ್ಯಾವುದೂ ನಡೆಯುವುದಿಲ್ಲ, ಅಲ್ಲಿ ಮಲ ಬಿದ್ದ ತಕ್ಷಣ ಎತ್ತುವುದು ಮತ್ತು ಬಿಸಿಲು, ಇವೆರಡೇ.

ಸೀಟಿ_ಬಿಸ್ಕತ್ತು

ನಾಯಿ ಟ್ರೇನಿಂಗ್ ಕಡೆಯಿಂದ. ನಿಮ್ಮ ಲ್ಯಾಬ್ ಬಗ್ಗೆ ನಂಗೆ ಚಿಂತೆ ಇಲ್ಲ. ಇಂಡಿ ಬಗ್ಗೆ ಇದೆ.

ಲ್ಯಾಬ್ ಆಡೋದು ಮೈಮೇಲೆ ಬಿದ್ದು, ಎದೆಯಿಂದ ಗುದ್ದಿ. ಇಂಡಿ ಆಡೋದು ಓಡಿ, ತಪ್ಪಿಸಿಕೊಂಡು. 5 ವರ್ಷದ ಹೆಣ್ಣು ಇಂಡಿಗೆ ಗುರುತಿಲ್ಲದ ನಾಯಿ ಬಂದು ಬೆನ್ನ ಮೇಲೆ ಕಾಲು ಹಾಕಿದ್ರೆ ಒಂದ್ಸಲ ಗುರ್ ಅನ್ನುತ್ತೆ, ಎರಡನೇ ಸಲ ಹಲ್ಲು ತೋರಿಸುತ್ತೆ, ಮೂರನೇ ಸಲ ಕಚ್ಚುತ್ತೆ. ಮೊದಲ ಎರಡನ್ನು ನೋಡೋ ಕಣ್ಣು ಅಲ್ಲಿರೋರಿಗೆ ಇದ್ಯಾ ಅನ್ನೋದೇ ಪ್ರಶ್ನೆ. ಗುರ್ ಅಂದ ತಕ್ಷಣ ಬೈಯೋ ಜನ ಇದ್ರೆ ಇನ್ನೂ ಕಷ್ಟ. ಬೈಸಿಕೊಂಡ ನಾಯಿ ಮುಂದೆ ಗುರ್ ಅನ್ನದೆ ನೇರ ಬಾಯಿ ಹಾಕುತ್ತೆ.

ಅದಕ್ಕೇ ಗುಂಪು ಮಾಡೋದು ಬರೀ ಸೈಜ್ ನೋಡಿ ಅಲ್ಲ, ಆಡೋ ರೀತಿ ನೋಡಿ. ಸೈಜ್ ಅಂತೂ ನೋಡಲೇಬೇಕು. 4 ಕೆಜಿ ಪೊಮೇರಿಯನ್ ಕಿರುಚಿಕೊಂಡು ಓಡಿದ್ರೆ ದೊಡ್ಡ ನಾಯಿಯ ತಲೇಲಿ ಅದು ಇನ್ನು ನಾಯಿ ಅಲ್ಲ, ಬೇಟೆ. ಜಗಳ ಏನೂ ಇಲ್ಲದೆ, ಒಂದೇ ಸಲ ಕತ್ತು ಹಿಡಿದು ಕೊಡವಿಬಿಡುತ್ತೆ. ಮುಧೋಳ, ರಾಜಪಾಳಯಂ ಥರ ಬೇಟೆ ಜಾತಿಗಳನ್ನು ಚಿಕ್ಕ ನಾಯಿಗಳ ಜೊತೆ ಬಿಟ್ಟಿರೋ ಜಾಗ ಕಂಡ್ರೆ ಅಲ್ಲಿ ನಿಮ್ಮ ನಾಯಿ ಬಿಡಬೇಡಿ.

ಹೊಸ ನಾಯಿ ಸೇರಿಸೋ ಕ್ರಮ ಕೇಳಿ. ಸರಿಯಾದ ಉತ್ತರ ಹೆಚ್ಚುಕಮ್ಮಿ ಹೀಗಿರುತ್ತೆ: ಮೊದಲು ಖಾಲಿ ಅಂಗಳದಲ್ಲಿ ಒಂದೇ ಬಿಟ್ಟು 15–20 ನಿಮಿಷ ಮೂಸೋಕೆ ಬಿಡ್ತೀವಿ, ಉಚ್ಚೆ ಹೊಯ್ದು ಮೈ ಸಡಿಲ ಆದ ಮೇಲೆ ಒಂದು ಶಾಂತ ನಾಯಿ ತರ್ತೀವಿ, ಅದು ಸರಿಹೋದ್ರೆ ಎರಡನೇದು, ಆಮೇಲೆ ಗುಂಪು. ಗೇಟಲ್ಲೇ ಹದಿನೈದು ನಾಯಿ ಮುತ್ತಿಕೊಳ್ಳೋ ಹಾಗೆ ಒಳಗೆ ದೂಡೋದು ಜಗಳಕ್ಕೆ ಆಹ್ವಾನ. ನಿಮ್ಮವು ಎರಡು ಒಟ್ಟಿಗೆ ಬರ್ತಿರೋದ್ರಿಂದ ಇನ್ನೊಂದು ಮಾತು: ಇಬ್ಬರನ್ನೂ ಬೇರೆ ಬೇರೆಯಾಗಿ ಪರಿಚಯ ಮಾಡಿಸಬೇಕು. ಒಟ್ಟಿಗಿದ್ರೆ ಒಂದಕ್ಕೆ ಇನ್ನೊಂದು ಬೆಂಬಲಕ್ಕೆ ನಿಲ್ಲುತ್ತೆ.

ಆಟ ಯಾವುದು, ಜಗಳ ಯಾವುದು? ಆಟದಲ್ಲಿ ಬಾಯಿ ಸಡಿಲವಾಗಿ ತೆರೆದಿರುತ್ತೆ, ಮುಂಗಾಲು ಬಗ್ಗಿಸಿ ಹಿಂಭಾಗ ಎತ್ತುತ್ತೆ, ಅಟ್ಟಿಸಿಕೊಂಡು ಹೋದದ್ದು ಮತ್ತೆ ಅಟ್ಟಿಸಿಕೊಳ್ಳುತ್ತೆ, ನಡುನಡುವೆ ನಿಲ್ಲುತ್ತೆ. ಮೈ ಸೆಟೆದು, ಬಾಯಿ ಮುಚ್ಚಿ, ಗದ್ದ ತಂದು ಇನ್ನೊಂದರ ಭುಜದ ಮೇಲಿಟ್ಟು ನಿಂತರೆ ಅದು ಆಟ ಅಲ್ಲ. ಅನುಮಾನ ಬಂದ್ರೆ ಅಟ್ಟೋ ನಾಯಿಯನ್ನು ಹಿಡ್ಕೊಂಡು ನೋಡಬೇಕು. ಓಡ್ತಿದ್ದದ್ದು ವಾಪಸ್ ಬಂದ್ರೆ ಆಟ, ಮೂಲೆ ಸೇರಿಕೊಂಡ್ರೆ ಅದಕ್ಕೆ ಸಾಕಾಗಿದೆ ಅಂತ.

‘ಜಗಳ ಆದ್ರೆ ಹೇಗೆ ಬಿಡಿಸ್ತೀರಿ?’ ಅಂತ ಕೇಳಿ. ‘ಬೆಲ್ಟ್ ಹಿಡಿದು ಎಳೀತೀವಿ’ ಅಂದ್ರೆ ಟ್ರೇನಿಂಗ್ ಇಲ್ಲ. ಕತ್ತಿಗೆ ಕೈ ಹಾಕಿದವರ ಕೈಗೇ ಮೊದಲು ಹಲ್ಲು ಬೀಳೋದು, ಎಳೆದಷ್ಟೂ ಮಾಂಸ ಹರಿಯುತ್ತೆ. ತಟ್ಟೆ ಬಡಿಯೋದು, ನೀರೆರಚೋದು, ಹಿಡಿಕೆ ಇರೋ ಪ್ಲೈವುಡ್ ಹಲಗೆ ನಡುವೆ ತೂರಿಸೋದು, ದಪ್ಪ ಕಂಬಳಿ ಮೇಲೆ ಎಸೆಯೋದು. ಕಚ್ಚಿ ಹಿಡಿದಿದ್ರೆ ಇಬ್ಬರು ಒಂದೊಂದು ನಾಯಿಯ ಹಿಂಗಾಲು ಎತ್ತಿ, ಬಿಟ್ಟ ಕ್ಷಣಕ್ಕೆ ಅರ್ಧವೃತ್ತವಾಗಿ ಹಿಂದಕ್ಕೆ ನಡೆಸೋದು. ಹಲಗೆ, ಕಂಬಳಿ ಅಂಗಳದಲ್ಲಿ ಕಣ್ಣಿಗೆ ಕಾಣೋ ಕಡೆ ಇರಬೇಕು, ಸ್ಟೋರ್ ರೂಮಲ್ಲಿ ಇದ್ರೆ ಪ್ರಯೋಜನ ಇಲ್ಲ. ಮನುಷ್ಯರಿಗೆ ಹಲ್ಲು ತಾಗಿದ್ರೆ ನಾಯಿಗೆ ಲಸಿಕೆ ಆಗಿದೆ ಅಂತ ಸುಮ್ಮನಾಗಬಾರದು. ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಸರ್ಕಾರಿ ಆಸ್ಪತ್ರೆಗೆ.

ಡೇಕೇರ್ ಬಗ್ಗೆ: ವಾರಕ್ಕೆ ಎರಡು ಮೂರು ದಿನ ಸಾಕು, ನಡುವೆ ಬಿಡುವು ಇರಲಿ. ದಿನಾ ಕಳಿಸಿದ್ರೆ ನಾಯಿಗೆ ಸುಮ್ಮನಿರೋದೇ ಮರೆತುಹೋಗುತ್ತೆ, ಭಾನುವಾರ ನಿಮ್ಮ ಸೋಫಾ ಉಳಿಯಲ್ಲ.

ಮಾವಿನ_ತೋಪು

ಶ್ರೀನಿವಾಸಪುರ ಕಡೆಯಿಂದ. ತೋಟದ ಬೋರ್ಡಿಂಗ್ ಅಂದ್ರೆ ಎಲ್ಲರೂ ಗಾಳಿ ಬೆಳಕು ಅಂತಾರೆ, ತೋಟದಲ್ಲಿ ಏನು ಬಿದ್ದಿದೆ ಅಂತ ನೋಡಲ್ಲ.

ಗಿಡಕ್ಕೆ ಯಾವ ಗೊಬ್ಬರ ಹಾಕ್ತೀರಿ ಅಂತ ತಪ್ಪದೆ ಕೇಳಿ. ಹರಳು ಹಿಂಡಿ ನಾಯಿಗೆ ಬಲು ರುಚಿ, ಅದರಲ್ಲಿರೋ ರಿಸಿನ್ ವಿಷ. ತಿಂದ ಒಂದೆರಡು ದಿನದೊಳಗೆ ವಾಂತಿ, ರಕ್ತಭೇದಿ ಶುರುವಾಗುತ್ತೆ, ಇದಕ್ಕೆ ಪ್ರತಿವಿಷ ಅಂತ ಇಲ್ಲ. ಬೇವಿನ ಹಿಂಡಿಗೆ ಹರಳು ಹಿಂಡಿ ಬೆರೆಸಿ ಹಾಕೋರೂ ಇದ್ದಾರೆ, ಆದ್ರಿಂದ ‘ಬೇವಿನ ಹಿಂಡಿ ಅಷ್ಟೇ’ ಅಂದ್ರೂ ಚೀಲ ನೋಡಿ. ಚಿಕ್ಕಬಳ್ಳಾಪುರ ಕಡೆಯಾದ್ರೆ ದ್ರಾಕ್ಷಿ. ಉದುರಿದ ದ್ರಾಕ್ಷಿ ತಿಂದು ಮೂತ್ರಪಿಂಡ ಕೈಕೊಟ್ಟ ನಾಯಿಗಳಿವೆ. ದ್ರಾಕ್ಷೀಲಿರೋ ಟಾರ್ಟಾರಿಕ್ ಆಮ್ಲ ಹುಣಸೆಹಣ್ಣಲ್ಲೂ ಇದೆ, ತುಮಕೂರು ತೋಟಗಳಲ್ಲಿ ಹುಣಸೆ ಮರ ಇಲ್ಲದಿರೋದೇ ಕಡಿಮೆ. ಮಾವಿನ ಕಾಲದಲ್ಲಿ ವಾಟೆ. ಲ್ಯಾಬ್ ಅಂತೂ ಅಗಿಯದೆ ನುಂಗುತ್ತೆ, ಕರುಳಲ್ಲಿ ಸಿಕ್ಕಿಕೊಂಡ್ರೆ ಆಪರೇಷನ್ನೇ. ಕಣಗಿಲೆ, ಉಮ್ಮತ್ತಿ ಬೇಲೀಲಿ ಇದ್ಯಾ ನೋಡಿ, ಎರಡೂ ವಿಷ. ಪಕ್ಕದ ಟೊಮೇಟೊ ಹೊಲಕ್ಕೆ ಔಷಧಿ ಹೊಡೆದ ದಿನ ಆ ಕಡೆಯ ಅಂಗಳ ಮುಚ್ಚಬೇಕು.

ಹಾವಿಗೆ ಸೌದೆ ರಾಶಿ, ಕಲ್ಲು ರಾಶಿ, ತೆಂಗಿನ ಗರಿ ರಾಶಿ ಅಂಗಳದ ಹತ್ತಿರ ಇರಬಾರದು. ನಾಗರಹಾವು, ಕೊಳಕುಮಂಡಲ ಎರಡೂ ಈ ಸೀಮೇಲಿ ಮಾಮೂಲು, ನಾಯಿ ಹೋಗಿ ಮೂಗು ಹಾಕುತ್ತೆ. ಹತ್ತಿರ ಯಾವ ಪಶು ಆಸ್ಪತ್ರೇಲಿ ಆಂಟಿವೆನಮ್ ಇದೆ, ಎಷ್ಟು ನಿಮಿಷದ ದಾರಿ ಅಂತ ಕೇಳಿದಾಗ ತಡವರಿಸದೆ ಹೇಳಬೇಕು. ದೇವರಾಯನದುರ್ಗ ಕಡೆ, ನಂದಿ ಕಡೆ ಚಿರತೆ ಇದೆ. ನಾಯಿ ಅಂದ್ರೆ ಅದಕ್ಕೆ ಸುಲಭದ ಊಟ, 6 ಅಡಿ ಬೇಲಿ ಅದಕ್ಕೆ ಲೆಕ್ಕಕ್ಕಿಲ್ಲ. ಕತ್ತಲಾದ ಮೇಲೆ ಎಲ್ಲ ನಾಯಿಯೂ ಚಾವಣಿ ಇರೋ, ಬಾಗಿಲು ಹಾಕಿದ ಕಟ್ಟಡದೊಳಗೆ ಇರಲೇಬೇಕು. ‘ನಮ್ಮಲ್ಲಿ ರಾತ್ರಿಯೂ ಫ್ರೀ’ ಅಂತ ಹೆಮ್ಮೆಯಿಂದ ಹೇಳಿದ್ರೆ ನಮಸ್ಕಾರ ಹೇಳಿ ಬನ್ನಿ.

ನೇರ_ಮಾತು

ಎಲ್ಲ ನಾಯಿಗೂ ಕೇಜ್ ಫ್ರೀ ಒಳ್ಳೇದು ಅಂತ ಆಗ್ಬಾರದು. ಬೇರೆ ನಾಯಿ ಕಂಡ್ರೆ ನಡುಗೋ ನಾಯಿ, ಹತ್ತು ದಿನದ ಹಿಂದೆ ಆಪರೇಷನ್ ಆದ ನಾಯಿ, ಕಣ್ಣು ಮಂಜಾದ ಹನ್ನೆರಡು ವರ್ಷದ ನಾಯಿ, ಇವಕ್ಕೆ ಗುಂಪು ಅನ್ನೋದೇ ಶಿಕ್ಷೆ. ಮನೇಲಿ ಕ್ರೇಟ್ (ನಾಯಿ ಮಲಗೋ ಗೂಡಿನಂಥ ಪೆಟ್ಟಿಗೆ) ಅಭ್ಯಾಸ ಆಗಿರೋ ನಾಯಿಗೆ ಅದೇ ಕ್ರೇಟ್ ಅಲ್ಲೂ ಕೊಟ್ರೆ ನೆಮ್ಮದಿಯಾಗಿ ಮಲಗುತ್ತೆ. ಬೆದೆಗೆ ಬಂದ ಹೆಣ್ಣನ್ನು ಸುಮಾರು ಮೂರು ವಾರ ಯಾವ ಗುಂಪಿಗೂ ಬಿಡಬಾರದು. ಸಂತಾನಹರಣ ಆಗದ, ವರ್ಷ ತುಂಬಿದ ಗಂಡುಗಳನ್ನು ಎಷ್ಟೋ ಕೇಜ್ ಫ್ರೀ ಜಾಗದವರು ತಗೊಳ್ಳೋದೇ ಇಲ್ಲ, ಅದು ಸರಿಯೇ. ಇಂಥವಕ್ಕೆಲ್ಲ ಮನೆಗೇ ಬಂದು ನೋಡ್ಕೊಳ್ಳೋರು ಸಿಕ್ಕರೆ ಅದೇ ಮೇಲು.

ಕೇಜೇ ಆದ್ರೂ 4 ಅಡಿಗೆ 4 ಅಡಿ ಲ್ಯಾಬ್‌ಗೆ ಸಾಲದು. ಮೂತಿಯಿಂದ ಬಾಲದ ತುದಿವರೆಗೆ ಉದ್ದ ಅಳೆದು ನೋಡಿ, ನೀಟಾಗಿ ಮಲಗೋಕೂ ಆಗಲ್ಲ.

ಕಲ್ಪತರು_ಲ್ಯಾಬ್

ಎಲ್ಲರಿಗೂ ಥ್ಯಾಂಕ್ಸ್. ಶಿರಾ ರಸ್ತೆಯವರಿಗೆ ಫೋನ್ ಮಾಡಿ ಕೇಳಿದೆ. ಕೋಣೆ ಇದೆ, ಮಧ್ಯಾಹ್ನ 11ರಿಂದ 3ರ ತನಕ ಒಳಗೆ ಹಾಕ್ತಾರೆ, ಹಗಲು ಮೂರು ಜನ, ರಾತ್ರಿ ಒಬ್ಬರು ಒಳಗೇ ಮಲಗ್ತಾರೆ, 25 ನಾಯಿಗಿಂತ ಹೆಚ್ಚು ತಗೊಳ್ಳಲ್ಲ ಅಂದ್ರು. ಲಸಿಕೆ ಪುಸ್ತಕದ ಫೋಟೊ ಮೊದಲೇ ಕೇಳಿದ್ರು. ಒಂದು ದಿನ ಟ್ರಯಲ್ ಕಡ್ಡಾಯವಂತೆ.

ಇನ್ನೆರಡು ಅನುಮಾನ. ಲ್ಯಾಬ್ ತನ್ನದು ನುಂಗಿ ಇಂಡಿ ತಟ್ಟೆಗೆ ಬಾಯಿ ಹಾಕುತ್ತೆ. ಮನೇಲಿ ಬೆಳಿಗ್ಗೆ ರಾಗಿ ಅಂಬಲಿ ಮೊಸರು, ರಾತ್ರಿ ಕೋಳಿ ಅನ್ನ ಹಾಕೋದು, ಅವರು ಡ್ರೈ ಫುಡ್ ಕೊಡ್ತೀವಿ ಅಂತಾರೆ. ಏನು ಮಾಡೋದು?

ಬೆಟ್ಟದ_ಬುಡ

ಟ್ರಯಲ್ ಕಡ್ಡಾಯ ಅಂದಿದ್ದು ಒಳ್ಳೆ ಲಕ್ಷಣ. ಟ್ರಯಲ್ ಅನ್ನು ಹೊರಡೋ ಹಿಂದಿನ ವಾರಕ್ಕೆ ಇಟ್ಕೋಬೇಡಿ, ಮೂರು ವಾರ ಮುಂಚೆ ಮಾಡಿ. ಸರಿಹೋಗದಿದ್ರೆ ಬೇರೆ ದಾರಿ ಹುಡುಕೋಕೆ ಸಮಯ ಇರುತ್ತೆ, ಕೆಮ್ಮು ಅಂಟಿದ್ರೂ ಆ ಹೊತ್ತಿಗೆ ಗೊತ್ತಾಗುತ್ತೆ. ಹಗಲಷ್ಟೇ ಬಿಡಬೇಡಿ, ಒಂದು ರಾತ್ರಿಯೂ ಸೇರಲಿ. ಹಗಲು ಆಡಿಕೊಂಡಿರೋ ನಾಯಿ ರಾತ್ರಿ ಬಾಗಿಲು ಕೆರೆಯೋದು ಉಂಟು.

ಊಟಕ್ಕೆ ಇಬ್ಬರನ್ನೂ ಬೇರೆ ಕೋಣೇಲಿ ಹಾಕಿ, ತಟ್ಟೆ ತೆಗೆದ ಮೇಲೆ ಒಟ್ಟಿಗೆ ಬಿಡಿ ಅಂತ ಬರೆದೇ ಕೊಡಿ. ‘ಹೇಳಿದ್ದೆ’ ಅನ್ನೋದು ನಡೆಯಲ್ಲ, ಪಾಳಿ ಬದಲಾದಾಗ ಮಾತು ಮರೆತುಹೋಗುತ್ತೆ. ಊಟ ಆದ ಮೇಲೆ ಒಂದು ಗಂಟೆ ಓಡಿಸಬಾರದು, ನಿಮ್ಮ ಲ್ಯಾಬ್ ಥರ ಎದೆ ದೊಡ್ಡದಿರೋ ನಾಯಿ ಗಬಗಬ ತಿಂದು ಓಡಿದ್ರೆ ಹೊಟ್ಟೆ ತಿರುಚಿಕೊಳ್ಳೋ ಅಪಾಯ ಇದೆ. ವಾಂತಿ ಮಾಡೋಕೆ ಒದ್ದಾಡುತ್ತೆ, ಏನೂ ಬರಲ್ಲ, ಹೊಟ್ಟೆ ಬಿಗಿದು ಉಬ್ಬುತ್ತೆ. ಈ ಲಕ್ಷಣ ಕಂಡ್ರೆ ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ, ರಾತ್ರಿಯೇ ಬೆಂಗಳೂರಿಗೆ ಗಾಡಿ ಹೊರಡಬೇಕು. ಅದಕ್ಕೆ ನಿಮ್ಮ ಒಪ್ಪಿಗೆ ಪತ್ರ, ಖರ್ಚಿನ ಮಿತಿ, ನೀವು ಸಿಗದಿದ್ರೆ ಯಾರಿಗೆ ಫೋನ್ ಮಾಡೋದು, ಮೂರೂ ಮೊದಲೇ ಸಹಿ ಮಾಡಿ ಕೊಡಿ.

ತಿಂಡಿ ಒಂದೇ ದಿನದಲ್ಲಿ ಬದಲಾಯಿಸಬೇಡಿ. ಹೊಸ ಜಾಗದ ಆತಂಕಕ್ಕೇ ಭೇದಿ ಆಗೋ ನಾಯಿಗಳಿವೆ, ಅದರ ಜೊತೆ ಹೊಸ ಊಟ ಸೇರಿದ್ರೆ ಗ್ಯಾರಂಟಿ. ಡ್ರೈ ಫುಡ್‌ಗೆ ಹೋಗೋದಾದ್ರೆ ಇವತ್ತಿಂದಲೇ ಕಾಲು ಪಾಲು, ಮೂರು ದಿನಕ್ಕೆ ಅರ್ಧ, ಇನ್ನೂ ಮೂರು ದಿನಕ್ಕೆ ಮುಕ್ಕಾಲು, ಹೀಗೆ ಹತ್ತು ದಿನದಲ್ಲಿ ಪೂರ್ತಿ ಮಾಡಿ, ಅದೇ ಬ್ರ್ಯಾಂಡ್ ಚೀಲ ಕೊಟ್ಟು ಕಳಿಸಿ. ಒಂದೊಂದು ಹೊತ್ತಿಂದು ಒಂದೊಂದು ಜಿಪ್ ಕವರ್, ಮೇಲೆ ನಾಯಿ ಹೆಸರು. ರಾಗಿ ಅಂಬಲಿ ಮಾಡಿಕೊಡ್ತೀವಿ ಅಂದ್ರೆ ಅದೂ ಆಗುತ್ತೆ, ಈರುಳ್ಳಿ ಹಾಕಿದ ಸಾರು ಮಾತ್ರ ಮುಟ್ಟಿಸಬೇಡಿ ಅಂತ ಹೇಳಿ. ಮೊದಲ ಒಂದೂವರೆ ದಿನ ತಿನ್ನದಿದ್ರೆ ಗಾಬರಿ ಬೇಡ. ನೀರು ಕುಡೀತಿರಬೇಕು: ಕೆಜಿಗೆ 50–60 ಮಿಲಿ ಲೆಕ್ಕ, ನಿಮ್ಮ ಲ್ಯಾಬ್‌ಗೆ ದಿನಕ್ಕೆ ಎರಡು ಲೀಟರ್ ಹತ್ತಿರ.

ಚೋಕ್ ಚೈನ್ (ಎಳೆದ್ರೆ ಕತ್ತಿಗೆ ಬಿಗಿಯೋ ಸರಪಳಿ), ಹಾರ್ನೆಸ್ (ಎದೆಗೆ ಹಾಕೋ ಪಟ್ಟಿ) ಬಿಡಿಸಿಯೇ ಒಳಗೆ ಕಳಿಸಿ. ಆಡುವಾಗ ಒಂದರ ಕೆಳದವಡೆ ಇನ್ನೊಂದರ ಪಟ್ಟಿಗೆ ಸಿಕ್ಕಿಕೊಂಡು ಎರಡೂ ಗಾಬರಿಯಾಗಿ ತಿರುಗಿದ್ರೆ ನಿಮಿಷದಲ್ಲಿ ಉಸಿರು ಕಟ್ಟುತ್ತೆ. ಚಪ್ಪಟೆ ಪಟ್ಟಿ, ಒತ್ತಿದ್ರೆ ಬಿಚ್ಚಿಕೊಳ್ಳೋ ಕ್ಲಿಪ್, ಫೋನ್ ನಂಬರ್ ಬರೆದ ಬಿಲ್ಲೆ ಸಾಕು. ಒಗೆಯದ ಹಳೇ ಬೆಡ್‌ಶೀಟ್ ಒಂದು ಜೊತೆಗೆ ಹಾಕಿ.

ಚಿನ್ನದನಾಡು_ವೆಟ್

ವಾಪಸ್ ಬಂದ ಮೇಲಿನದ್ದು ಸೇರಿಸುತ್ತೇನೆ. ಮೊದಲ ದಿನ ಇಡೀ ಹೊತ್ತು ಮಲಗಿದರೆ ಅದು ಆಯಾಸ, ಬಿಡಿ. ಎರಡನೇ ದಿನವೂ ಊಟ ಬೇಡವೆಂದರೆ ಜ್ವರ ನೋಡಿ: ಗುದದಲ್ಲಿ ಡಿಜಿಟಲ್ ಥರ್ಮಾಮೀಟರ್, 101ರಿಂದ 102.5 ಫ್ಯಾರನ್‌ಹೀಟ್ ಸಹಜ, 103 ದಾಟಿದರೆ ಬನ್ನಿ. ಗಂಟಲಲ್ಲಿ ಏನೋ ಸಿಕ್ಕಿದ ಹಾಗೆ ಕೆಮ್ಮಿ ಬಿಳಿ ನೊರೆ ಕಕ್ಕಿದರೆ ಕೆನಲ್ ಕಫ್ ಇರಬಹುದು, ಎರಡು ವಾರದ ತನಕ ಕಾಣಿಸಿಕೊಳ್ಳಬಹುದು. ಆಗ ಬೀದಿ ನಾಯಿಗಳಿಂದಲೂ ಪಕ್ಕದ ಮನೆ ನಾಯಿಯಿಂದಲೂ ದೂರವಿಡಿ, ಬೋರ್ಡಿಂಗಿನವರಿಗೂ ತಿಳಿಸಿ. ಎರ್ಲಿಕಿಯಾ 8ರಿಂದ 20 ದಿನ ತೆಗೆದುಕೊಳ್ಳುತ್ತದೆ, ಹಾಗಾಗಿ ಮೂರು ವಾರ ಕಣ್ಣಿಟ್ಟಿರಿ: ಮಂಕು, ಜ್ವರ, ವಸಡು ಬಿಳಿಚಿಕೊಳ್ಳುವುದು, ಮೂಗಿನಲ್ಲಿ ರಕ್ತ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎಣಿಸಿ, ಸ್ಮಿಯರ್ (ಗಾಜಿನ ಮೇಲೆ ಸವರಿದ ರಕ್ತ) ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಮೆಡಿಕಲ್ ಶಾಪಿನಲ್ಲಿ ಡಾಕ್ಸಿಸೈಕ್ಲಿನ್ ತಂದು ಐದು ದಿನ ನುಂಗಿಸಿ ನಿಲ್ಲಿಸುವುದು ಬೇಡ. ಎರ್ಲಿಕಿಯಾ ಆದರೆ ಅದನ್ನು 28 ದಿನ ಕೊಡಬೇಕು, ಬೆಬೀಸಿಯಾ ಆದರೆ ಅದೊಂದರಿಂದಲೇ ವಾಸಿಯಾಗುವುದಿಲ್ಲ, ಔಷಧಿಯೇ ಬೇರೆ.